ಪೈಪಿಗೆ ಹಚ್ಚಿದ ವಿಭೂತಿ

ನಮ್ಮ ಬಾಜೂಮನೆಯ ದೊಡ್ಡವ್ವ ಹಣೆಗೆ ವಿಭೂತಿ ಹಚ್ಚಿಕೊಂಡರೆ ಅದು ಹಚ್ಚಿದ್ದಲ್ಲ, ಮೆತ್ತಿದ್ದು. ಮೂರು ಬೆರಳಿನ ಮೂರು ಪಟ್ಟಿ, ಈ ಕಿವಿಯಿಂದ ಆ ಕಿವಿಯವರೆಗೆ. ನಕ್ಕರೆ ಪುಡಿ ಹುಬ್ಬಿನ ಮೇಲೆ ಉದುರುತ್ತಿತ್ತು. ಅವರು ನಗುವುದೇನೂ ಕಡಿಮೆ ಇರಲಿಲ್ಲ, ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಹುಬ್ಬು ಪೂರ್ತಿ ಬೆಳ್ಳಗಾಗಿರುತ್ತಿತ್ತು.

ನಾನು ಹುನಗುಂದದವಳು. ಗುಡೂರಿನ ಶಾಲೆಯಲ್ಲಿ ಅಕ್ಕೋರಾಗಿ, ಅಂದರೆ ಟೀಚರಾಗಿ, ನೌಕರಿ ಸಿಕ್ಕಮೇಲೆ ಇಳಕಲ್ಲಿನಲ್ಲಿ ಅವರ ಪಕ್ಕದ ಮನೆ ಬಾಡಿಗೆಗೆ ಹಿಡಿದೆ. ನಮ್ಮ ಬಚ್ಚಲಿಗೂ ಅವರ ಮಗ್ಗದ ಕೋಣೆಗೂ ಇದ್ದದ್ದು ಒಂದೇ ಗೋಡೆ. ಆಚೆ ಬದಿಯಲ್ಲಿ ಅವರು ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದರು. ಬೆಳಿಗ್ಗೆ ನಾನು ಬಚ್ಚಲಲ್ಲಿ ತಡ ಮಾಡಿದರೆ ಗೋಡೆಗೆ ಲಾಳಿಯಿಂದ ಕುಟ್ಟಿ, ಬಸ್ಸು ಹೋಗೇಬಿಟ್ಟಿತು ಎಂದು ಹೆದರಿಸುವರು.

ಆ ವರ್ಷ ಮಗ್ಗದ ಮೇಲಿದ್ದದ್ದು ಹಸಿರು ಸೀರೆ, ಬಾದಾಮಿಗೆ ಕೊಟ್ಟ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಾದ ಮಗಳು. ಅಂಗಡಿಯ ಸೀರೆ ಬೇಡ, ತಾನು ನೇಯ್ದದ್ದನ್ನೇ ಉಡಿಸಬೇಕು ಎಂದು ದೊಡ್ಡವ್ವ ಹಟ ಹಿಡಿದಿದ್ದರು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಪೂಜೆ, ಅಂದು ಯಾರೂ ಕುಣಿಗೆ ಇಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಅವರು ಕಾಲು ಇಳಿಬಿಟ್ಟರೆ ಪಾದ ಮುಳುಗುವಷ್ಟು ನೀರು.

ನಮ್ಮ ಬೇಸಿನ್ನಿನ ಕೆಳಗಿನ ಪೈಪು ಸೋರುತ್ತಿದ್ದದ್ದು ನಿಜ. ಆದರೆ ಹಿಂದಿನ ವಾರವೇ ಪ್ಲಂಬರ್ ಬಂದು ಏನೋ ಬಿಳಿಯದು ಮೆತ್ತಿ ಹೋಗಿದ್ದ. ಕೆಳಗಿಟ್ಟ ಬಕೆಟ್ಟಿನಲ್ಲಿ ಒಂದು ಹನಿಯೂ ಇರಲಿಲ್ಲ. ಈ ನೀರು ನಮ್ಮದಲ್ಲ ಎಂದೆ. ದೊಡ್ಡವ್ವ ಕುಣಿಯ ನೀರು ಗೋರಿ ಚೆಲ್ಲಿ ಒರೆಸಿದರು. ಸಂಜೆಗೆ ಮತ್ತೆ ನೀರು. ಗೋಡೆಯ ಹಸಿ ಮಗ್ಗದ ಮೇಲೆ ಹಾಸಿದ ಎಳೆಗಳಿಗೆ ತಾಗಿದರೆ ಅವು ಒಂದಕ್ಕೊಂದು ಅಂಟಿ ಪಟಪಟ ಹರಿಯುತ್ತವೆ. ಕುಬಸ ಹತ್ತಿರ ಬಂದಿತ್ತು, ಸೀರೆ ಅರ್ಧವೂ ಆಗಿರಲಿಲ್ಲ.

ಮರುದಿನ ಪೂಜೆ ಮುಗಿಸಿದವರೇ ವಿಭೂತಿ ಗಟ್ಟಿ ಹಿಡಿದುಕೊಂಡು ನಮ್ಮ ಬಚ್ಚಲಿಗೆ ನುಗ್ಗಿದರು. ಪೈಪನ್ನು ಅರಿವೆಯಿಂದ ಒರೆಸಿ ಒಣಗಿಸಿ, ಒಂದೊಂದು ಜೋಡಣೆಯ ಸುತ್ತಲೂ ವಿಭೂತಿ ಹಚ್ಚಿದರು. ನನಗೆ ಗಾಬರಿ. ದೇವರಿಗೆ ಹಚ್ಚುವುದನ್ನು ಬಚ್ಚಲಿಗೆ ಹಚ್ಚಬಹುದೇ ಎಂದು ಕೇಳಿಯೂ ಬಿಟ್ಟೆ.

“ಹಣಿ ಮ್ಯಾಲ ದಿನಾ ಸುಮ್ನ ಕುಂತಿರ್ತೈತಿ, ಅಕ್ಕೋರ,” ಎಂದರು. “ಇಲ್ಲೆ ಒಂದೀಟು ದುಡೀಲಿ. ನೀವು ನಳ ಚಾಲೂ ಮಾಡ್ರಿ.”

ನಳ ಬಿಟ್ಟೆ. ಕೆಳಗಿನ ಜೋಡಣೆಗಳ ವಿಭೂತಿ ಇನ್ನೂ ಬೆಳ್ಳಗೇ ಇತ್ತು. ಬೇಸಿನ್ನಿನ ಬುಡದ ನಟ್ಟಿನ ಹಿಂಬದಿಯಲ್ಲಿ ಮೊದಲು ಒಂದು ಕಡೆ ತೊಯ್ದು ಕಪ್ಪಾಯಿತು. ನೀರು ಅಲ್ಲಿಂದ ಹೊರಟು, ಪೈಪಿನ ಬೆನ್ನು ಹಿಡಿದು, ನೆಟ್ಟಗೆ ಗೋಡೆಯ ತೂತಿಗೆ ಇಳಿಯುತ್ತಿತ್ತು. ಇನ್ನು ಬಕೆಟ್ಟಿಗೆ ಬೀಳುವುದೆಲ್ಲಿಂದ?

“ಸೋರಾಕತ್ತೈತ್ರಿ, ಅಕ್ಕೋರ,” ಎಂದರು ದೊಡ್ಡವ್ವ. ಗೆದ್ದ ದನಿಯಲ್ಲಲ್ಲ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎನ್ನುವ ಹಾಗೆ.

ಮುಂದಿನ ಕೆಲಸ ಅಷ್ಟು ಚಂದ ನಡೆಯಲಿಲ್ಲ. ನಟ್ಟು ಬಿಚ್ಚಿ, ಸವೆದ ರಬ್ಬರ್ ವಾಶರ್ ಕಿತ್ತು, ಮಗ್ಗದ ಹತ್ತಿಯ ನೂಲು ಸುತ್ತಿ, ಪಾನಾ ಹಾಕಿ ಅವರು ತಿರುವಿದ್ದೇ ತಿರುವಿದ್ದು. ಸಾಕು ಎಂದರೆ ಕೇಳುವ ಜೀವವಲ್ಲ. ಪ್ಲಾಸ್ಟಿಕ್ ನಟ್ಟು ಟಕ್ಕೆಂದು ಸೀಳಿತು. ಅದನ್ನು ಮಾಡಿದವನ ಮನೆತನವನ್ನೆಲ್ಲ ಬೈದರು. ನಾನು ಬಜಾರಕ್ಕೆ ಓಡಿ ಹೊಸ ನಟ್ಟು, ವಾಶರ್ ತಂದೆ. ಎರಡನೆಯ ಸಲ ಬರೀ ಕೈಯಿಂದಲೇ ಬಿಗಿ ಮಾಡಿದರು, ಏಕೆಂದರೆ ಪಾನಾವನ್ನು ನಾನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ. ಒರೆಸಿ, ವಿಭೂತಿ ಹಚ್ಚಿ, ನೀರು ಬಿಟ್ಟು, ಇಬ್ಬರೂ ಮಂಡಿಯೂರಿ ಪೈಪನ್ನೇ ನೋಡುತ್ತ ಕೂತೆವು. ಬೆಳ್ಳಗೇ ಉಳಿಯಿತು. ಆ ಸಂಜೆ ಗೋಡೆಯಾಚೆ ಲಾಳಿಯ ಸದ್ದು ಕೇಳಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಹಸಿರು ಸೀರೆ ಕುಬಸದ ಹೊತ್ತಿಗೆ ಮುಗಿಯಿತು. ಪೈಪಿನ ಕತೆಯನ್ನು ದೊಡ್ಡವ್ವ ಮಗಳಿಗೆ ಬಣ್ಣ ಕಟ್ಟಿ ಹೇಳಿದ್ದರು, ಸೀಳಿದ ನಟ್ಟೊಂದನ್ನು ಬಿಟ್ಟು. ಅದನ್ನು ನಾನು ಹೇಳಿದೆ. ಮಗಳು ತವರಿಗೆ ಬಂದಾಗಲೆಲ್ಲ ಅವ್ವನ ದನಿ ತೆಗೆದು ಅಣಕಿಸುತ್ತಿದ್ದಳು.

ಹೋದ ವರ್ಷ ದೊಡ್ಡವ್ವ ನಿದ್ದೆಯಲ್ಲೇ ತೀರಿಕೊಂಡರು. ಅವರ ಪದ್ಧತಿಯಂತೆ ಕೂರಿಸಿದ್ದರು. ಬಂದವರೆಲ್ಲ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ನನ್ನ ಸರದಿ ಬಂದಾಗ ಈ ಕಿವಿಯಿಂದ ಆ ಕಿವಿಯವರೆಗೆ ಧಾರಾಳವಾಗಿ ಹಚ್ಚಿದೆ. ಅಲ್ಲಿಯವರೆಗೂ ತಡೆದುಕೊಂಡಿದ್ದೆ. ಬಾಗಿದ್ದೇ ತಡ, ಕಣ್ಣೀರು ಹಣೆಯ ಮೇಲೆ ಬಿದ್ದು ಒಂದು ಪಟ್ಟಿ ತೊಯ್ದು ಕಪ್ಪಾಯಿತು. ಪಕ್ಕದಲ್ಲಿದ್ದ ಮಗಳು ಅದೇ ಹಸಿರು ಸೀರೆಯ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಕಿವಿಯ ಹತ್ತಿರ ಬಂದಳು.

“ಸೋರಾಕತ್ತೈತ್ರಿ, ಅಕ್ಕೋರ,” ಎಂದಳು.

ಜನ ತಿರುಗಿ ನೋಡುವಷ್ಟು ಇಬ್ಬರೂ ನಕ್ಕೆವು, ಅಷ್ಟೇ ಅತ್ತೆವು. ಆಮೇಲೆ ನಾನು ಅವರ ಹಣೆಯನ್ನು ಒಣ ಅರಿವೆಯಿಂದ ಒರೆಸಿ, ಮತ್ತೊಮ್ಮೆ ಹಚ್ಚಿದೆ.