ಪ್ರದರ್ಶನಕ್ಕೆ ಹೊರಟ ಬಲೆ

ಆದಿತ್ಯವಾರ ಮ್ಯೂಸಿಯಮ್ಮಿನಲ್ಲಿ ಕುಟುಂಬಗಳಿಗೆಂದೇ ಕಾರ್ಯಕ್ರಮವಿತ್ತು. ಬೆಳಿಗ್ಗೆ ಮಕ್ಕಳಿಗೆ ಮಣ್ಣಿನ ಆಟಿಕೆ ಮಾಡುವುದು, ಮಧ್ಯಾಹ್ನ ಮನೆಮನೆಯ ಹಳೆಯ ವಸ್ತುಗಳ ಪ್ರದರ್ಶನ. ಕಡಲಿಗೆ ಹೋಗುವುದನ್ನು ಬಿಟ್ಟಿರುವ ಅಪ್ಪನ ಹಳೆಯ ನೂಲಿನ ಬಲೆಯನ್ನು ತರುತ್ತೇನೆಂದು ನಾನು ಒಪ್ಪಿಕೊಂಡಿದ್ದೆ. "ಹೇಗುಂಟೋ ಹಾಗೇ ತನ್ನಿ, ರಿಪೇರಿ ಮಾಡಬೇಡಿ" ಎಂದು ಅಲ್ಲಿನ ಮೇಡಂ ಎರಡೆರಡು ಸಲ ಹೇಳಿದ್ದರು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಇಲಿ ಕಡಿದರೆ? ನೀರು ತಾಗಿದರೆ? ದಿನಾ ಆಫೀಸಿನಿಂದ ಬಂದವಳೇ ಬಲೆಯನ್ನು ಬಿಡಿಸಿ ನೋಡುತ್ತಿದ್ದೆ.

ಶನಿವಾರ ಸಂಜೆ ಉರ್ವದಲ್ಲಿ ಬಸ್ಸಿಳಿದು ಮನೆಗೆ ಬಂದರೆ, ಅಪ್ಪ ಜಗಲಿಯಲ್ಲಿ ಕೂತು ಹೊಸ ನೀಲಿ ನೈಲಾನ್ ದಾರದಿಂದ ಬಲೆಯ ತೂತುಗಳನ್ನೆಲ್ಲ ಹೆಣೆದು ಮುಗಿಸುತ್ತಿದ್ದರು.

"ಎಂತ ಮಾಡಿದ್ದು ಅಪ್ಪ ನೀವು! ಮುಟ್ಟಬೇಡಿ ಅಂತ ಹೇಳಿರ್ಲಿಲ್ವಾ?" ಎಂದು ಕಿರುಚಿದೆ.

ಅಪ್ಪ ತಲೆಯೆತ್ತಲಿಲ್ಲ. ಬಲೆಯ ಪಕ್ಕದಲ್ಲಿಡಲು ನಾನು ಬರೆದಿಟ್ಟಿದ್ದ ಚೀಟಿಯನ್ನು ನನ್ನತ್ತ ಸರಿಸಿದರು. 'ನನ್ನ ತಂದೆಯ ಹರಿದ ಬಲೆ' ಎಂದಿತ್ತು ಅದರಲ್ಲಿ.

"ನಾಳೆ ಅಷ್ಟು ಮಕ್ಕಳು ನೋಡ್ಲಿಕ್ಕೆ ಬರ್ತಾರೆ," ಎಂದರು. "ಇವನಿಗೆ ಬಲೆ ಸರಿಮಾಡ್ಲಿಕ್ಕೂ ಬರ್ತಿರಲಿಲ್ಲ ಅಂತ ಗ್ರಹಿಸುದಿಲ್ವಾ?"

ನಾನು ಪೆನ್ನು ತೆಗೆದು 'ಹರಿದ' ಎಂಬುದನ್ನು ಹೊಡೆದು ಹಾಕಿದೆ.