ಒರೆಗಲ್ಲಿಗೆ ಸಿಗದ ಚಿನ್ನ

ದೇವರಾಜ ಮೊಹಲ್ಲಾದ ಅಕ್ಕಸಾಲಿಗರೊಬ್ಬರಿಗೆ ಓಲೆ ರಿಪೇರಿಗೆ ಕೊಟ್ಟು ಕೂತಿದ್ದೆ. ಕಣ್ಣಿಗೆ ಕಾಣದಷ್ಟು ಪುಡಿಯಾದ ಚಿನ್ನ ನೀರಲ್ಲಿ ಕೆಂಪಗಿರುತ್ತೆ ಅಂತ ಹೇಳಿ, ನಾನು ಸಂಶೋಧನೆ ಮಾಡುವ ಲ್ಯಾಬಿನ ಸೀಸೆಯನ್ನು ಬ್ಯಾಗಿನಿಂದ ತೆಗೆದು ತೋರಿಸಿದೆ.

ಅವರು ಒಂದು ಹನಿ ತೆಗೆದು ಒರೆಗಲ್ಲಿಗೆ ಉಜ್ಜಿದರು. ಗೆರೆಯೇ ಮೂಡಲಿಲ್ಲ. “ಇದು ಶರಬತ್ತು ಕಣಮ್ಮ!”

ನನಗೆ ರೇಗಿತು. ಹೊಳೆಯುವ ಪಾಲಿಮರ್ ಕರಗಿಸಿದ ನೀರಿನ ಇನ್ನೊಂದು ಸೀಸೆಯನ್ನು ಅವರ ನೋಟು ಪರೀಕ್ಷಿಸುವ ದೀಪದಡಿ ಹಿಡಿದೆ. ಹಸಿರಾಗಿ ಝಗ್ಗನೆ ಬೆಳಗಿತು. ಅದಕ್ಕೆ ಎರಡು ಹನಿ ಕೆಂಪು ನೀರು ಬಿಟ್ಟೆ. ಬೆಳಕು ಆರಿಹೋಯಿತು.

“ಚಿನ್ನದ ಕಣ ಅಂಟಿಕೊಂಡರೆ ಪಾಲಿಮರ್‌ನ ಬೆಳಕನ್ನು ಅದೇ ಹೀರಿಬಿಡುತ್ತೆ” ಅಂದೆ.

ಅವರು ಸೀಸೆಯನ್ನೇ ದಿಟ್ಟಿಸಿದರು. “ಹಂಗಾದ್ರೆ ಚಿನ್ನವೇ ಬುಡಿ. ಪಕ್ಕದಲ್ಲಿರೋರ ಹೊಳಪನ್ನೆಲ್ಲ ನುಂಗೋದು ಅದೊಂದೇ.”

ನನ್ನ ಪಿಎಚ್‌ಡಿ ಪ್ರಬಂಧದ ತೀರ್ಮಾನ ಇನ್ನೂ ಇಷ್ಟು ಸಲೀಸಾಗಿ ಬಂದಿಲ್ಲ.