ಗುಟ್ಕಾ ಬಿಟ್ಟದ್ದು ಯಾರ ಮಾತಿಗೆ

ಮೊಗುಡಂಪಲ್ಲಿಯ ಉಮಾಬಾಯಿ ಅಂದರೆ ಮಾತಿಗೆ ತೂಕವಿರುವ ಹೆಂಗಸು ಎಂದು ಓಣಿಯಲ್ಲೆಲ್ಲ ಹೆಸರು. ಯಾರ ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೋದರೂ ಅತ್ತೆಯಾದವಳು ಮೊದಲು ಬಂದು ಕೂಡುತ್ತಿದ್ದದ್ದು ಉಮಾಬಾಯಿಯ ಮನೆಯ ಕಟ್ಟೆಯ ಮೇಲೆ. ಅವಳು ಹೇಳಿದರೆ ಸೊಸೆ ತಿರುಗಿ ಬರುತ್ತಿದ್ದಳು, ಅತ್ತೆಯ ಬಾಯಿಯೂ ಸ್ವಲ್ಪ ದಿನ ತಣ್ಣಗಿರುತ್ತಿತ್ತು. ಅಂಥವಳ ಮಾತು ನಡೆಯದೆ ಉಳಿದದ್ದು ತನ್ನ ಮನೆಯೊಳಗೆ, ಒಂದೇ ಒಂದು ವಿಷಯದಲ್ಲಿ. ಗಂಡ ವೈಜಿನಾಥನ ಗುಟ್ಕಾ.

ವೈಜಿನಾಥ ಜಹೀರಾಬಾದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು, ನಟ್ಟು, ಬೋಲ್ಟು ತೆಗೆದುಕೊಡುವ ಕೆಲಸದವ. ಹೆಂಡತಿಗೆ ಎದುರು ಮಾತಾಡಿದವನಲ್ಲ. ಗುಟ್ಕಾದ ಮಾತು ಬಂದಾಗಲೂ "ಆತು, ಬಿಡ್ತೀನಿ" ಅನ್ನುತ್ತಿದ್ದ, ಎದ್ದು ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದ. ಮದುವೆಯಾದ ಹೊಸತರಲ್ಲಿ ಉಮಾಬಾಯಿ ಅತ್ತು ನೋಡಿದಳು. ಮಕ್ಕಳಾದ ಮೇಲೆ ಬೈದು ನೋಡಿದಳು. ಝರಾಸಂಗಮದ ಸಂಗಮೇಶ್ವರನಿಗೆ ಹರಕೆ ಹೊತ್ತು ವರ್ಷಗಟ್ಟಲೆ ಸಿಹಿ ಮುಟ್ಟಲಿಲ್ಲ. ತಾಂಡೂರಿನಲ್ಲಿದ್ದ ಅವಳ ಅಣ್ಣನಿಗೆ ಬಾಯಲ್ಲಿ ಗಡ್ಡೆಯಾಗಿ ಅರ್ಧ ದವಡೆ ತೆಗೆದರು. ಆಗ ಗಂಡನನ್ನು ಕರೆದುಕೊಂಡು ಹೋಗಿ ಅಣ್ಣನ ಎದುರಿಗೇ ಕೂರಿಸಿದಳು. ಅಣ್ಣ ಕುಡಿದ ಗಂಜಿ ಗಲ್ಲದ ಮೇಲೆ ಸೋರುವುದನ್ನು ನೋಡಿ ವೈಜಿನಾಥ ಬಿಕ್ಕಿ ಬಿಕ್ಕಿ ಅತ್ತ. ಅತ್ತವನು ತಾಂಡೂರಿನ ಬಸ್ ಸ್ಟ್ಯಾಂಡಿಗೆ ಬಂದು, ಕಣ್ಣು ಒರೆಸಿಕೊಂಡು, ಪಾಕೀಟು ಹರಿದು ಬಾಯಿಗೆ ಹಾಕಿಕೊಂಡ.

ಹೋದ ವರ್ಷ ದಸರೆ ಮುಗಿದ ಮೇಲೆ, ಅವನ ಅಂಗಿ ಒಗೆಯುವಾಗ ಕಿಸೆಯಲ್ಲಿ ಅಡಿಕೆ ಚೂರು ಸಿಗಲಿಲ್ಲ. ಮರುವಾರವೂ ಇಲ್ಲ. ಕೇಳಿದರೆ, ಸಾಕೆನಿಸಿತು ಬಿಟ್ಟೆ ಎಂದಷ್ಟೇ ಹೇಳಿದ. ಉಮಾಬಾಯಿ ಆ ಸೋಮವಾರವೇ ಝರಾಸಂಗಮಕ್ಕೆ ಹೋಗಿ ಹರಕೆ ತೀರಿಸಿ, ಪೇಢೆ ತಂದು ಓಣಿಗೆಲ್ಲ ಹಂಚಿದಳು.

ಪೇಢೆ ಬಾಯಲ್ಲಿಟ್ಟುಕೊಂಡೇ ನೆರೆಮನೆಯ ಶಕುಂತಲಾಬಾಯಿ ನಿಜ ಸಂಗತಿ ಹೇಳಿದಳು. ದಿನಾ ಬೆಳಿಗ್ಗೆ ವೈಜಿನಾಥನಂಥ ಕೆಲಸದವರನ್ನೆಲ್ಲ ಜಹೀರಾಬಾದಿಗೆ ಕರೆದೊಯ್ಯುವ ಜೀಪು ದತ್ತುವಿನದು. ಅದರಲ್ಲಿ ಸರಿತಾ ಅಂತ ಒಬ್ಬಳು ಬರುತ್ತಾಳೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಒಂದು ದಿನ ಮುಂದಿನ ಸೀಟಿನಲ್ಲಿದ್ದ ವೈಜಿನಾಥ ಕಿಟಕಿಯಿಂದ ಉಗುಳಿದ್ದು ಗಾಳಿಗೆ ತಿರುಗಿ ಹಿಂದೆ ಕೂತವಳ ಬಿಳಿ ಅಂಗಿಯ ತೋಳಿಗೆ ಬಿತ್ತು. ಅವಳು ಕೂಗಾಡಲಿಲ್ಲ. "ಕಾಕಾ, ಇದೇ ಅಂಗಿ ಮ್ಯಾಲ ಇಡೀ ದಿನ ಮಂದಿ ಮುಂದ ನಿಂದರಬೇಕ್ರಿ ನಾ" ಅಂದು, ಬಾಟಲಿಯ ನೀರಿನಿಂದ ಒರೆಸಿಕೊಂಡಳು. ಜಹೀರಾಬಾದು ಬರುವವರೆಗೆ ಜೀಪಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಮರುದಿನದಿಂದ ಜೀಪು ಓಡಿಸುವ ದತ್ತು ಗುಟ್ಕಾ ಬಿಟ್ಟ, ವೈಜಿನಾಥ ಬಿಟ್ಟ, ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಬಿಟ್ಟರು.

ಪೇಢೆ ಡಬ್ಬಿ ಹಿಡಿದು ನಿಂತಿದ್ದ ಉಮಾಬಾಯಿಗೆ ಒಳಗೆ ಚುರ್ ಅಂದಿತು. ಗಂಡನ ನಡತೆಯ ಮೇಲೆ ಸಂಶಯ ಬಂದಿದ್ದರೆ ಜಗಳವಾಡಿ ಮುಗಿಸುತ್ತಿದ್ದಳು. ಅದು ಬರಲಿಲ್ಲ. ತನ್ನ ಕಣ್ಣೀರು, ಹರಕೆ, ಒಡಹುಟ್ಟಿದವನ ದವಡೆ ಇವೆಲ್ಲ ಸೇರಿ ಆಗದ ಕೆಲಸ ಯಾರದೋ ಮನೆಯ ಹುಡುಗಿಯ ತೋಳಿನ ಕಲೆಯಿಂದ ಆಯಿತಲ್ಲ ಎಂಬ ಉರಿ ಅದು.

ಬೇಡಿದ್ದು ಕೈಗೆ ಬಂದಿತ್ತು, ಅನುಭವಿಸುವ ಮನಸ್ಸಿರಲಿಲ್ಲ. ಗಂಡನ ಹಲ್ಲು ದಿನದಿಂದ ದಿನಕ್ಕೆ ಬೆಳ್ಳಗಾದಂತೆ ಅವಳ ಮುಖ ಕಪ್ಪಿಡುತ್ತಿತ್ತು. ಅವನು ನಕ್ಕರೆ ಆ ನಗು ಸರಿತಾಳ ಸೊತ್ತು ಅನಿಸುತ್ತಿತ್ತು. ಇವತ್ತು ಜೀಪಿನಲ್ಲಿ ಯಾರ‍್ಯಾರಿದ್ದರು ಎಂದು ಸುಮ್ಮನೆ ಕೇಳಿದ ಹಾಗೆ ಕೇಳುವಳು. ಸಾಲದ್ದಕ್ಕೆ ಕಟ್ಟೆಗೆ ಬರುವ ಹೆಂಗಸರು, ಆ ಲ್ಯಾಬಿನ ಹುಡುಗಿಯಿಂದ ನಮ್ಮವರಿಗೂ ಒಂದು ಮಾತು ಹೇಳಿಸಬೇಕು ಎಂದು ಉಮಾಬಾಯಿಯ ಎದುರಿಗೇ ಮಾತಾಡತೊಡಗಿದರು.

ಒಂದು ಬೆಳಿಗ್ಗೆ, ಗಂಡ ಸ್ನಾನಕ್ಕೆ ಹೋದಾಗ, ಕಿರಾಣಿ ಅಂಗಡಿಯಿಂದ ಸೆರಗಿನಲ್ಲಿ ಮುಚ್ಚಿ ತಂದಿದ್ದ ಗುಟ್ಕಾ ಪಾಕೀಟನ್ನು ಅವನ ಅಂಗಿಯ ಕಿಸೆಯಲ್ಲಿ ಇಟ್ಟಳು. ಪರೀಕ್ಷೆ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಅವನು ತಿನ್ನಲಿ, ಕೆಂಪು ಬಾಯಲ್ಲಿ ಜೀಪಿನಲ್ಲಿ ಕೂಡಲಿ, ಆ ಹುಡುಗಿ ಕಣ್ಣಾರೆ ನೋಡಲಿ ಎಂಬ ಆಸೆಯೇ ಕೈಯನ್ನು ಕಿಸೆಯವರೆಗೆ ಎಳೆದದ್ದೆಂದು ಅವಳಿಗೆ ಗೊತ್ತಿತ್ತು.

ಸಂಜೆ ವೈಜಿನಾಥ ಮುಖ ಸಣ್ಣ ಮಾಡಿಕೊಂಡು ಬಂದ. ಬಾಡಿಗೆ ಕೊಡಲು ಕಿಸೆಗೆ ಕೈ ಹಾಕಿದಾಗ ಪಾಕೀಟು ಎಲ್ಲರ ಕಾಲ ಬಳಿ ಬಿತ್ತಂತೆ. ದತ್ತು ಕನ್ನಡಿಯಲ್ಲಿ ನೋಡಿದ, ಹಿಂದೆ ಯಾರೋ ನಕ್ಕರು. ತನ್ನದಲ್ಲವೆಂದು ಇವನು ಆಣೆ ಮಾಡಿದಷ್ಟೂ ಅವರು ನಂಬಲಿಲ್ಲ. ಒಡೆಯದ ಪಾಕೀಟನ್ನು ಊಟದ ತಾಟಿನ ಪಕ್ಕ ಇಟ್ಟು ಹೇಳಿದ:

"ನನ್ನ ಕೈನೇ ನನಗ ತಿಳೀದಂಗ ಇಟ್ಟದೇನೋ. ನನಗ ನನ್ನ ಮ್ಯಾಲೇ ಭರೋಸಾ ಹೋಗ್ಯಾದ."

ಬೈದಿದ್ದರೆ ಉಮಾಬಾಯಿ ತಡೆದುಕೊಳ್ಳುತ್ತಿದ್ದಳು. ಈ ಮಾತು ತಡೆಯಲಾಗಲಿಲ್ಲ.

"ನಾ ಇಟ್ಟೀನ್ರಿ."

ವೈಜಿನಾಥ ಅವಳನ್ನೇ ನೋಡಿದ. ಯಾಕೆ ಎಂದು ಕೇಳಿದ.

"ನಾ ಇಷ್ಟು ವರ್ಷ ಬಡ್ಕೊಂಡ್ರ ಬಿಡ್ಲಿಲ್ಲ. ಆಕಿ ಒಂದು ಮಾತು ಅಂದ್ರ ಬಿಟ್ರಿ. ನನ್ನ ಮಾತಿಗಿ ಏನ್ ಕಮ್ಮಿ ಆಗಿತ್ತು?"

ಅವನು ರೊಟ್ಟಿ ಮುರಿದವನು ಬಾಯಿಗೆ ಒಯ್ಯಲಿಲ್ಲ. ಅದನ್ನು ತಾಟಿನಲ್ಲೇ ಇಟ್ಟು ಹೇಳಿದ. "ನೀ ಬೈದ್ರೂ ರೊಟ್ಟಿ ಹಾಕ್ತಿದ್ದಿ. ನಿನ್ನ ಮುಂದ ನನಗ ನಾಚಿಕಿನೇ ಇರ್ಲಿಲ್ಲ. ಅಲ್ಲಿ ಅಷ್ಟು ಮಂದಿ ಸುಮ್ನ ಕುಂತು ನೋಡ್ಲಾಕತ್ತಿದ್ರು. ಮರುದಿನ ದತ್ತು ತಿನ್ಲಿಲ್ಲ. ಮತ್ತ ನಾ ಒಬ್ಬಾಂವ ಹ್ಯಾಂಗ ತಿನ್ಲಿ?" ಪಾಕೀಟನ್ನು ಅವಳ ಕಡೆ ಸರಿಸಿ ಅಂದ: "ಈಗ ನಾಳಿ ನೀನೂ ಜೀಪಿಗಿ ಬಾ. ನಾ ಹೇಳಿದ್ರ ಅವರು ನಂಬಂಗಿಲ್ಲ."

ಮರುದಿನ ಉಮಾಬಾಯಿ ಹಬ್ಬಕ್ಕೆ ಉಡುವ ಸೀರೆ ಉಟ್ಟು ಜೀಪು ಹತ್ತಿದಳು. ಪಾಕೀಟು ತಾನೇ ಇಟ್ಟದ್ದು, ತನ್ನ ಯಜಮಾನರದೇನೂ ತಪ್ಪಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಓಣಿಯಲ್ಲಿ ಹತ್ತು ಮಂದಿಯ ಜಗಳ ಬಿಡಿಸಿದ ದನಿ ಅಲ್ಲಿ ನಡುಗಿತು. ಯಾಕೆಂದು ಯಾರೂ ಕೇಳಲಿಲ್ಲ. ಸರಿತಾ ಮಾತ್ರ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಉಮಾಬಾಯಿ ಇಷ್ಟು ದಿನ ಮನಸ್ಸಿನಲ್ಲಿ ಸಿಂಗರಿಸಿಟ್ಟಿದ್ದ ಚೆಲುವೆ ಅವಳಲ್ಲ. ನಿದ್ದೆಗೆಟ್ಟ ಕಣ್ಣಿನ ತೆಳ್ಳನೆಯ ಹೆಂಗಸು.

ಊರು ದಾಟಿದ ಮೇಲೆ ಸರಿತಾ ಮೆಲ್ಲಗೆ ಅಂದಳು: "ಕಾಕು, ನಮ್ಮ ಮನ್ಯಾಗ ನನ್ನ ಮಾತು ಒಂದೂ ನಡ್ಯಂಗಿಲ್ಲ. ಮನಿಯವ್ರು ದಿನಾ ಕುಡ್ದು ಬರ್ತಾರ. ನೀವು ಎಲ್ಲಾರಿಗೂ ಬುದ್ಧಿ ಹೇಳ್ತೀರಂತ. ಅವರಿಗೂ ಒಂದ್ಸಲ ಹೇಳ್ರಿ."

ಇವಳ ಮಾತೂ ಮನೆಯೊಳಗೆ ನಡೆಯುವುದಿಲ್ಲವಲ್ಲ ಎಂದು ಉಮಾಬಾಯಿಗೆ ಮೊದಲು ಆದದ್ದು ಖುಷಿ. ಆ ಖುಷಿ ಒಳ್ಳೆಯದಲ್ಲವೆಂದು ತಿಳಿದದ್ದು ಆಮೇಲೆ.

ನಡುದಾರಿಯಲ್ಲಿ ಗುರುತಿಲ್ಲದವನೊಬ್ಬ ಹತ್ತಿ, ಕೂತವನೇ ಪಾಕೀಟು ತೆಗೆದ. ಯಾರೂ ಬೇಡ ಅನ್ನಲಿಲ್ಲ. ಅವನು ಸುತ್ತಲಿನ ಅಗಿಯದ ಬಾಯಿಗಳನ್ನೊಮ್ಮೆ ನೋಡಿದ, ಪಾಕೀಟನ್ನು ಹಾಗೇ ಕಿಸೆಗೆ ಹಾಕಿಕೊಂಡ. ಉಮಾಬಾಯಿ ಇದನ್ನು ಕಣ್ಣೆವೆ ಮುಚ್ಚದೆ ನೋಡಿದಳು.

ಮುಂದೆ ಅವಳು ಸರಿತಾಳ ಮನೆಗೂ ಹೋದಳು. ಸರಿತಾಳ ಗಂಡ ಚಹಾ ತರಿಸಿ, ಕೈಕಟ್ಟಿ ಕೂತು ಎಲ್ಲ ಕೇಳಿ, ವೈಜಿನಾಥ ಅನ್ನುತ್ತಿದ್ದಂತೆಯೇ ಆತು ಬಿಡುತ್ತೇನೆ ಎಂದ. ಅವನು ಇವತ್ತಿಗೂ ಕುಡಿಯುತ್ತಾನೆ. ವೈಜಿನಾಥ ಮಾತ್ರ ಮತ್ತೆ ಗುಟ್ಕಾ ಮುಟ್ಟಿಲ್ಲ. ಸರಿತಾ ಈಗ ಹಬ್ಬಕ್ಕೆ ಉಮಾಬಾಯಿಯ ಮನೆಗೆ ಉಣ್ಣಲು ಬರುತ್ತಾಳೆ.

ಹೊಟ್ಟೆಕಿಚ್ಚು ಹೋಯಿತೇ ಅಂದರೆ, ಇಲ್ಲ. ಅದು ಸರಿತಾಳನ್ನು ಬಿಟ್ಟು ಜೀಪಿಗೆ ಹತ್ತಿಕೊಂಡಿದೆ. ಬೆಳಿಗ್ಗೆ ಹಾರ್ನ್ ಕೇಳಿ ಗಂಡ ಅವಸರದಲ್ಲಿ ಚಪ್ಪಲಿ ಮೆಟ್ಟುವಾಗ ಉಮಾಬಾಯಿಗೆ ಈಗಲೂ ಒಳಗೆ ಚುಚ್ಚುತ್ತದೆ. ಆದರೆ ಭಾನುವಾರ ಜೀಪು ಇರುವುದಿಲ್ಲ. ಅಂದು ಮಧ್ಯಾಹ್ನದ ಊಟವಾದ ಮೇಲೆ ವೈಜಿನಾಥ ಮನೆಯೊಳಗೆ ಸುಮ್ಮನೆ ಅತ್ತಿತ್ತ ತಿರುಗತೊಡಗುತ್ತಾನೆ, ಕೈ ಮತ್ತೆ ಮತ್ತೆ ಕಿಸೆಯ ಮೇಲೆ ಹೋಗುತ್ತದೆ. ಆಗ ಉಮಾಬಾಯಿ ಅವನಿಗೆ ಏನೂ ಹೇಳುವುದಿಲ್ಲ. ಹೊರಗೆ ಬಂದು ಕಟ್ಟೆಗೆ ಜಮಖಾನ ಹಾಸಿ, ಚಹಾಕ್ಕೆ ಬರ್ರಿ ಎಂದು ಶಕುಂತಲಾಬಾಯಿಯನ್ನೂ ಅವಳ ಗಂಡನನ್ನೂ ಕರೆಯುತ್ತಾಳೆ, ಎದುರು ಮನೆಯವರನ್ನೂ ಕರೆಯುತ್ತಾಳೆ. ನಾಲ್ಕು ಮಂದಿ ಕೂತ ಮೇಲೆ ಗಂಡನನ್ನು ಹೊರಗೆ ಕರೆದು ಅವರ ನಡುವೆ ಕೂರಿಸುತ್ತಾಳೆ.